ಎರಡನೆಯವ ಮುಟ್ಟುವಂತಿಲ್ಲ

ಕತ್ತರಿಸುವುದಕ್ಕೆ ಉಗುರೇ ಉಳಿದಿರಲಿಲ್ಲ. ಆದರೂ ಯಶೋಧರ ಬಚ್ಚಲಿನ ಸಣ್ಣ ಕಿಟಕಿಯ ಬೆಳಕಿಗೆ ಕೈ ಹಿಡಿದು, ಎಡಗೈಯ ಕಿರುಬೆರಳ ಮೂಲೆಯಲ್ಲಿ ಇನ್ನೂ ಏನೋ ಇದೆ ಎಂದು ನೇಲ್ ಕಟರ್ ಒತ್ತಿದ. ಚರ್ಮ ಕಿತ್ತು ಬಂದು ಉರಿಯಿತು. ಪಂದ್ಯಕ್ಕೆ ಮುಂಚೆ ರೆಫರಿ ಎಲ್ಲರ ಉಗುರು ನೋಡುತ್ತಾನೆ, ಎಣ್ಣೆ ಹಚ್ಚಿದ್ದಾರೋ ಎಂದು ತೋಳು ಸವರುತ್ತಾನೆ. ಮೀಸೆ ಮೂಡುವ ಮೊದಲೇ ಕಬಡ್ಡಿಗೆ ಇಳಿದವನಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಇವತ್ತು ತನ್ನ ಕೈಯನ್ನು ಉಳಿದವರ ಕೈಗಿಂತ ಹೆಚ್ಚು ಹೊತ್ತು ಹಿಡಿದು ನೋಡುತ್ತಾರೆ, ಆಗ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ ಎಂದು ಎದ್ದಾಗಿನಿಂದ ಅನ್ನಿಸುತ್ತಿತ್ತು. ಯಾರೂ ಹಾಗೆ ಮಾಡುವುದಿಲ್ಲ ಎಂದು ಅವನಿಗೇ ಗೊತ್ತು. ಗೊತ್ತಿದ್ದೂ ಮತ್ತೊಮ್ಮೆ ಬೆರಳುಗಳನ್ನು ಬೆಳಕಿಗೆ ಹಿಡಿದ. ನಲವತ್ತು ದಾಟಿದ ಮನುಷ್ಯ, ಕುವೈತಿನ ಶುವೈಖ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು ದಿನವಿಡೀ ಮೆಕ್ಯಾನಿಕ್‌ಗಳ ಬೈಗುಳ ತಿಂದು ಎರಡರಷ್ಟು ತಿರುಗಿಸಿ ಕೊಡುವವನು, ಶುಕ್ರವಾರದ ರಜೆಯ ದಿನ ಬಚ್ಚಲಲ್ಲಿ ನಿಂತು ಪರೀಕ್ಷೆಗೆ ಹೊರಟವನ ಹಾಗೆ ಬೆವರುತ್ತಿದ್ದ.

“ಎಂತ ಇಷ್ಟು ಹೊತ್ತು?” ಎಂದು ಹೆಂಡತಿ ಉಮಾವತಿ ಹೊರಗಿನಿಂದ ಬಾಗಿಲು ತಟ್ಟಿದಳು. “ಅಕ್ಷಿತಾಳಿಗೆ ಸ್ನಾನ ಆಗ್ಬೇಕು. ಜೆರ್ಸಿ ಇಸ್ತ್ರಿ ಮಾಡಿ ಇಟ್ಟಿದ್ದೇನೆ.”

ಕಬಡ್ಡಿ ಜೆರ್ಸಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ? ನಗಬೇಕೆನ್ನಿಸಿತು, ನಗು ಬರಲಿಲ್ಲ. ಉಮಾವತಿ ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಈ ವಾರವಿಡೀ ಅವಳು ಫೋನನ್ನು ಅಡುಗೆ ಕಟ್ಟೆಯ ಮೇಲೆ ಮುಖ ಮೇಲಾಗಿ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದುದನ್ನು ಅವನು ಗಮನಿಸಿದ್ದ. ಚೌತಿಗೆ, ದೀಪಾವಳಿಗೆ, ಊರಿನವರ ಸಂಘದ ಯಾವ ಊಟಕ್ಕೂ ತೆಂಗಿನಕಾಯಿ ತುರಿಯಲಿಕ್ಕೆ ಮೊದಲು ಬರುತ್ತಿದ್ದ ಕರೆ ಅವಳಿಗೆ. ಎರಡು ವರ್ಷದಿಂದ ಬಂದಿಲ್ಲ. ಮಹಿಳೆಯರ ಕಡೆ ನೋಡಿಕೊಳ್ಳುವ ಅಮಿತಾ ಲೂಲೂ ಸೂಪರ್‌ಮಾರ್ಕೆಟ್ಟಿನ ತರಕಾರಿ ಸಾಲಿನಲ್ಲಿ ಎದುರು ಸಿಕ್ಕರೆ ‘ಹೇಗಿದ್ದೀರಿ’ ಎಂದು ಕೇಳಿ ಉತ್ತರಕ್ಕೆ ಮುಂಚೆಯೇ ಬೆಂಡೆಕಾಯಿ ಮುರಿದು ನೋಡತೊಡಗುತ್ತಾಳೆ. ಇದಕ್ಕೆಲ್ಲ ನೀವೇ ಕಾರಣ ಎಂದು ಉಮಾವತಿ ಒಮ್ಮೆಯಾದರೂ ಜಗಳ ತೆಗೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಇಸ್ತ್ರಿ ಹಾಕಿದಳು. ಇವತ್ತು ಚೆನ್ನಾಗಿ ಆಡಿದರೆ ಅವರು ತಮ್ಮನ್ನು ಮತ್ತೆ ಒಳಗೆ ಸೇರಿಸಿಕೊಳ್ಳುತ್ತಾರೆ, ಇಲ್ಲವಾದರೆ ಇನ್ನೆಂದಿಗೂ ಇಲ್ಲ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಹದಿಮೂರು ತುಂಬಿದ ಮಗಳು ಅಕ್ಷಿತಾಳಿಗೂ ಗೊತ್ತಿದ್ದೀತು, ತಿಂಡಿ ತಿನ್ನುವಾಗ “ಮ್ಯಾಚ್ ನೋಡ್ಲಿಕ್ಕೆ ಬರ್ತೀಯಾ ಮಗಾ?” ಎಂದು ಕೇಳಿದರೆ “ನೋ ಪಪ್ಪಾ, ಐ ವಿಲ್ ಗೆಟ್ ನರ್ವಸ್” ಅಂದಳು.

ಎರಡು ಆಟಕ್ಕೂ ಹೆಸರು ಒಂದೇ, ಕಬಡ್ಡಿ. ಗದ್ದಲವೆಲ್ಲ ಅಲ್ಲಿಂದಲೇ. ಊರಿನವರು ಇಲ್ಲಿ ಮ್ಯಾಟ್ ಹಾಸಿ ಆಡುವುದು ಏಳು ಜನರ ಕಬಡ್ಡಿ. ಎದುರಾಳಿ ಉಸಿರು ಹಿಡಿದು ಒಳಗೆ ಬಂದಾಗ ಒಬ್ಬ ಹಿಡಿದ ಕೂಡಲೇ ಉಳಿದವರು ಅವನ ಮೇಲೆ ಬೀಳಬೇಕು. ಅದಕ್ಕೇ ಇಬ್ಬಿಬ್ಬರು ಕೈ ಕೈ ಹಿಡಿದು ನಿಲ್ಲುವುದು. ಸುಲೈಬಿಯಾದ ಗೋದಾಮುಗಳ ಹಿಂದಿನ ಮರಳಿನಲ್ಲಿ ಪಂಜಾಬಿ ಲಾರಿ ಡ್ರೈವರುಗಳು ಆಡುವುದು ವೃತ್ತದ ಕಬಡ್ಡಿ. ಅಲ್ಲಿ ಬಂದವನನ್ನು ಒಬ್ಬನೇ ತಡೆಯಬೇಕು. ಹಿಡಿದವ ಎಷ್ಟೇ ಒದ್ದಾಡಲಿ, ಎರಡನೆಯವ ಮುಟ್ಟುವಂತಿಲ್ಲ. ಮುಟ್ಟಿದರೆ ಸೀಟಿ, ಪಾಯಿಂಟ್ ಎದುರಾಳಿಗೆ. ಎರಡೂ ಕಡೆಯವರಿಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಇವರ ಪ್ರಕಾರ ಅವರದು ಕುಸ್ತಿ. ಅವರ ಪ್ರಕಾರ ಇವರದು ಏಳು ಜನ ಸೇರಿ ಒಬ್ಬನನ್ನು ಹೊಡೆಯುವ ಹೇಡಿಗಳ ಆಟ. ಯಶೋಧರ ಇವರನ್ನು ಬಿಟ್ಟು ಅವರಲ್ಲಿಗೆ ಹೋದ. ಈಗ ಅವರನ್ನು ಬಿಟ್ಟು ಇವರಲ್ಲಿಗೆ ಬಂದಿದ್ದ. ಹೋದಾಗ ತಂಡದ ಮ್ಯಾನೇಜರ್ ಅಬ್ದುಲ್ ಲತೀಫ್, ಎಲ್ಲರ ಬಾಯಲ್ಲಿ ಲತೀಫಾಕ, ಆ ಆಟ ಆಡಿದವ ಇನ್ನು ಈ ಮ್ಯಾಟ್ ಮೆಟ್ಟುವಂತಿಲ್ಲ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ, ಅದರ ಕೆಳಗೇ ಯಶೋಧರನನ್ನು ತೆಗೆದುಹಾಕಿದ. ಅಂಗಡಿಯಲ್ಲಿ ಗಿರಾಕಿಗೆ ಬ್ರೇಕ್ ಪ್ಯಾಡ್ ತೋರಿಸುತ್ತಿದ್ದಾಗ ಫೋನಿನ ಮೇಲೆ ಆ ಸಾಲು ಮೂಡಿತ್ತು. ಕಳೆದ ವಾರ ಅದೇ ಗ್ರೂಪಿಗೆ ಯಾವ ಮಾತೂ ಇಲ್ಲದೆ ಮತ್ತೆ ಸೇರಿಸಿದರು. ಯಾರೂ ಸ್ವಾಗತ ಎನ್ನಲಿಲ್ಲ. ಯಾರೋ ಒಬ್ಬ ಹೆಬ್ಬೆರಳು ಎತ್ತಿ ತೋರಿಸಿದ. ಆ ಹೆಬ್ಬೆರಳನ್ನು ಅವನು ಎಷ್ಟು ಸಲ ತೆರೆದು ನೋಡಿದ್ದನೋ.

“ಯಶಣ್ಣ, ಕೆಳಗೆ ಇದ್ದೇನೆ,” ಎಂದು ಅಕ್ಷಯ್ ಫೋನು ಮಾಡಿದ.

ಅಕ್ಷಯನ ಕಾರಿನಲ್ಲಿ ಹೋಗುವುದು ಎಂದು ಯಾರು ನಿಶ್ಚಯಿಸಿದರೋ ತಿಳಿಯದು. ಶರ್ಕ್‌ನ ಗಾಜಿನ ಕಟ್ಟಡವೊಂದರಲ್ಲಿ ಬ್ಯಾಂಕಿನ ಕೆಲಸ ಮಾಡುವ ಹುಡುಗ. ಕಾರಿನೊಳಗೆ ಸೆಂಟಿನ ಪರಿಮಳ, ಹಿಂದಿನ ಸೀಟಿನಲ್ಲಿ ಮಂಡಿ ಪಟ್ಟಿ, ಟೇಪು, ಬಾಳೆಹಣ್ಣು. ಯಶೋಧರ ಸೀಟಿನಲ್ಲಿ ಕುಳಿತು ಕೈಗಳನ್ನು ತೊಡೆಯ ಮಧ್ಯೆ ಇಟ್ಟುಕೊಂಡ. ಎಷ್ಟು ತಿಕ್ಕಿದರೂ ಅವಕ್ಕೆ ಗ್ರೀಸಿನ ವಾಸನೆ ಉಳಿದೇ ಇರುತ್ತದೆ. ರಿಂಗ್ ರೋಡು ಖಾಲಿಯಿತ್ತು, ಆಕಾಶಕ್ಕೆ ಧೂಳಿನ ಬಣ್ಣ. ಅಕ್ಷಯ್ ಏನೇನೋ ಮಾತಾಡುತ್ತಿದ್ದ, ಎದುರು ತಂಡದ ಗುರುಸಿದ್ದನ ಬಗ್ಗೆ, ಅವನ ಎಡಗಾಲಿನ ಬಗ್ಗೆ, ಎರಡು ವರ್ಷ ತಾವಿಬ್ಬರು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿಯೇ ಇಲ್ಲ ಎನ್ನುವುದು ಯಾವತ್ತೂ ನಡೆಯದ ಸಂಗತಿ ಎಂಬಂತೆ. ಈ ಹುಡುಗ ಮೊದಲ ಸಲ ಕುವೈತಿಗೆ ಬಂದಾಗ ಏರ್‌ಪೋರ್ಟಿಗೆ ಹೋಗಿದ್ದು ಯಶೋಧರ. ರೂಮು ಸಿಗುವವರೆಗೆ ಮನೆಯಲ್ಲಿಟ್ಟುಕೊಂಡು, ಹಾಲ್‌ನಲ್ಲಿ ಹಾಸಿಗೆ ಹಾಸಿ, ಕಣಕಾಲನ್ನು ಹೇಗೆ ಕೆಳಗಿನಿಂದ ಹಿಡಿಯಬೇಕು, ಗದ್ದ ಎಲ್ಲಿ ಒತ್ತಬೇಕು ಎಂದು ಕಲಿಸಿದ್ದೂ ಅವನೇ. ಉಮಾವತಿ ಕೆಳಗಿನ ಮನೆಯವರು ಬೈತಾರೆ ಎಂದು ಬೈಯುತ್ತಿದ್ದಳು. ಹುಡುಗ ಬೇಗ ಕಲಿತ. ಎಷ್ಟು ಬೇಗ ಕಲಿತನೆಂದರೆ ಒಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಲತೀಫಾಕ, ಇಷ್ಟು ವರ್ಷ ಯಶೋಧರ ನಿಂತಿದ್ದ ಎಡ ಕಾರ್ನರಿನಲ್ಲಿ ಇನ್ನು ಅಕ್ಷಯ್ ನಿಲ್ಲಲಿ, ಯಶಣ್ಣ ನಮ್ಮ ಕೋಚಿನ ಹಾಗೆ ಹೊರಗಿದ್ದು ನೋಡಿಕೊಳ್ಳಲಿ ಎಂದು ಎಲ್ಲರೆದುರು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಫೈನಲ್ಲಿನಲ್ಲಿ ಅವನಿಗೆ ಕೊಟ್ಟ ಕೆಲಸ ಸ್ಕೋರಿನ ಹಲಗೆ ತಿರುಗಿಸುವುದು. ಅಕ್ಷಯ್ ಗಳಿಸಿದ ಪ್ರತಿ ಪಾಯಿಂಟನ್ನೂ ಅವನೇ ತಿರುಗಿಸಿದ. ಆಮೇಲೆ ಸುಲೈಬಿಯಾಕ್ಕೆ ಹೋದ. ಆಟದ ಮೇಲಿನ ಪ್ರೀತಿಯಿಂದ ಹೋದೆ ಎಂದು ಉಮಾವತಿಗೆ ಹೇಳಿದ್ದ.

“ಟೆನ್ಷನ್ ಮಾಡ್ಕೊಳ್ಬೇಡಿ ಯಶಣ್ಣ,” ಅಂದ ಅಕ್ಷಯ್ ಸಿಗ್ನಲ್ಲಿನಲ್ಲಿ.

“ನನಗೆಂತ ಟೆನ್ಷನ್,” ಎಂದ. ಹುಡುಗ ತನಗೆ ಧೈರ್ಯ ಹೇಳುವಂತಾಯಿತಲ್ಲ ಎಂದು ಒಳಗೊಳಗೆ ಕುದಿದು ಕಿಟಕಿಯ ಕಡೆ ತಿರುಗಿದ.

ಗ್ಯಾರೇಜುಗಳ ಸಾಲಿನ ಹಿಂದೆ ಬಾಡಿಗೆಗೆ ಸಿಗುವ ಒಳಾಂಗಣ ಅದು. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಚಹಾದ ಡ್ರಮ್ಮು, ಕುರ್ಚಿಗಳಲ್ಲಿ ಹೆಂಗಸರು. ಅಮಿತಾ ಇದ್ದಳು. ತಲೆ ಆಡಿಸಿದಳೋ, ಕೂದಲು ಸರಿಮಾಡಿಕೊಂಡಳೋ ತಿಳಿಯಲಿಲ್ಲ. ರೆಫರಿ ಉಗುರು ನೋಡಿದ, ಕಿರುಬೆರಳು ಕಂಡು “ಇಷ್ಟೂ ಕತ್ತರಿಸ್ಬೇಡಿ ಮಾರ್ರೆ” ಎಂದು ಮುಂದೆ ಹೋದ. ಅಷ್ಟೇ. ಯಶೋಧರ ಕೈ ಜೆರ್ಸಿಗೆ ಒರೆಸಿಕೊಂಡ. ಲತೀಫಾಕ ಬಂದು, ಕಣ್ಣು ಬೇರೆಲ್ಲೋ ಇಟ್ಟು, ಭುಜದ ಮೇಲೆ ಕೈ ಹಾಕಿದ. “ನೋಡಿ ಯಶೋಧರ, ಕಾರ್ನರಿನಲ್ಲಿ ಅಕ್ಷಯ್. ನೀವು ಅವನ ಬಗಲಲ್ಲಿ. ನೀವು ದೊಡ್ಡದೆಂತ ಮಾಡುದು ಬೇಡ. ಅವನ ಕೈ ಹಿಡಿದುಕೊಂಡಿರಿ, ಅವನು ಹಾರಿದಾಗ ಹಿಂದಿನಿಂದ ಬೀಳಿ, ಸಾಕು.” ಹಿಂದೆಲ್ಲ ಇದೇ ಮಾತನ್ನು ಯಶೋಧರ ಅಕ್ಷಯನಿಗೆ ಹೇಳಿದ್ದ. ಆಗ ಅದರಲ್ಲಿ ಅವಮಾನವಿದೆ ಎಂದು ಅವನಿಗೆ ಹೊಳೆದಿರಲೇ ಇಲ್ಲ.

ಆಟ ಶುರುವಾದ ಮೇಲೆ ಸರಿಹೋಯಿತು. ಮೈಗೆ ಎಲ್ಲ ನೆನಪಿತ್ತು. ಮ್ಯಾಟಿನ ರಬ್ಬರು ವಾಸನೆ, ಅಂಗಾಲಿಗೆ ಅಂಟುವ ಬಿಸಿ, ಪಕ್ಕದವನ ಉಸಿರಿನಿಂದಲೇ ಅವನು ಮುಂದಿಡುವ ಹೆಜ್ಜೆ ತಿಳಿಯುವುದು. ಅಕ್ಷಯನ ಕೈ ನುಣ್ಣಗೆ ಒಣಗಿಕೊಂಡಿತ್ತು. ಅವರಿಬ್ಬರೂ ಎರಡು ಸಲ ಹಿಡಿದರು. ಎರಡನೆಯ ಸಲ ಯಶೋಧರ ಎದುರಾಳಿಯ ಸೊಂಟದ ಮೇಲೆ ಬಿದ್ದಾಗ ಹೆಂಗಸರ ಕುರ್ಚಿಯಿಂದ ಯಾರೋ “ಯಶಣ್ಣ” ಎಂದು ಕೂಗಿದ್ದು ಕೇಳಿಸಿತು. ಕೆಳಗೆ ಬಿದ್ದಲ್ಲೇ ಒಂದು ಕ್ಷಣ ಹೆಚ್ಚು ಮಲಗಿದ, ಮುಖ ಯಾರಿಗೂ ಕಾಣದಿರಲಿ ಎಂದು. ಹಾಗಾದರೆ ಆಗುತ್ತದೆ, ಮತ್ತೆ ಸೇರಿಸಿಕೊಳ್ಳುತ್ತಾರೆ, ಉಮಾವತಿಗೆ ಹೇಳಬೇಕು, ಅಕ್ಷಿತಾಳಿಗೆ ಹೇಳಬೇಕು. ಎದ್ದು ನೋಡಿದರೆ ಎಲ್ಲರೂ ಅಕ್ಷಯನ ಬೆನ್ನು ತಟ್ಟುತ್ತಿದ್ದರು. ಹಿಡಿದದ್ದು ಅವನು ತಾನೇ. ಲತೀಫಾಕ ಹೊರಗಿನಿಂದ “ಅಕ್ಷಯ್, ಭಲೇ” ಎಂದು ಕೂಗಿ, ಏನೋ ಮರೆತದ್ದು ನೆನಪಾದವನಂತೆ, ಸ್ವಲ್ಪ ತಡೆದು, “ಯಶೋಧರ, ನೀವೂ” ಅಂದ.

ಕೊನೆಗೆ ತಾವು ಒಂದು ಪಾಯಿಂಟ್ ಹಿಂದಿದ್ದಾಗ ಗುರುಸಿದ್ದ ಬಂದ. ವಿಜಯಪುರದ ಕಡೆಯವನು, ತೈಲ ಕಂಪನಿಯೊಂದರಲ್ಲಿ ಟೆಕ್ನಿಷಿಯನ್, ಬಾಗಿಲು ತುಂಬುವ ಆಳು. ಮೆಲ್ಲಗೆ, ನೆಲ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಬಂದು ಎಡಕ್ಕೆ ತಿರುಗಿದ. ಯಶೋಧರನ ಅಂಗೈಯೊಳಗೆ ಅಕ್ಷಯನ ಹೆಬ್ಬೆರಳು ಒತ್ತಿತು. ನಾನು ಹೋಗುತ್ತಿದ್ದೇನೆ, ನೀನು ಬಾ, ಎಂದು ಅದರ ಅರ್ಥ. ಮನೆಯ ಆ ಹಾಸಿಗೆಯ ಮೇಲೆ ಯಶೋಧರನೇ ಕಲಿಸಿದ್ದು. ಕೈ ಬಿಟ್ಟಿತು, ಹುಡುಗ ಹಾರಿ ಕಣಕಾಲು ಹಿಡಿದ. ಚೊಕ್ಕವಾದ ಹಿಡಿತ, ಗದ್ದ ಸರಿಯಾದ ಜಾಗದಲ್ಲಿ. ಗುರುಸಿದ್ದನ ಅಗಲವಾದ ಬೆನ್ನು ಯಶೋಧರನ ಎದುರಿಗೆ ಒಂದು ತೋಳಿನಷ್ಟು ದೂರದಲ್ಲಿ ನಿಂತಿತು, ಜೆರ್ಸಿಯ ಮೇಲಿನ ನಂಬರು, ನಂಬರಿನ ಅಂಚಿನಲ್ಲಿ ಬಿಟ್ಟ ಹೊಲಿಗೆ, ಕುತ್ತಿಗೆಯ ಬೆವರು. ಅಷ್ಟೆಲ್ಲ ಕಂಡಿತು. ಕೆಳಗಿನಿಂದ ಅಕ್ಷಯನ ಮುಖ ಅವನ ಕಡೆ ತಿರುಗಿದ್ದೂ ಕಂಡಿತು. ಆ ಮುಖದಲ್ಲಿ ಅನುಮಾನವೇ ಇರಲಿಲ್ಲ. ಬರುತ್ತಾನೆ ಎಂದು ಖಾತ್ರಿ ಇದ್ದವನ ಮುಖ ಅದು. ಯಶೋಧರ ಎರಡೂ ಅಂಗೈ ತೆರೆದುಕೊಂಡು ನಿಂತಿದ್ದ. ಏನೋ ಮುರಿದ ಸದ್ದಾಯಿತು, ಒದ್ದೆ ಕಟ್ಟಿಗೆ ಮುರಿದ ಹಾಗೆ. ಗುರುಸಿದ್ದ ಗೆರೆಯ ಆಚೆ ಬಿದ್ದಿದ್ದ, ಅಕ್ಷಯ್ ಅವನ ಅಡಿಯಲ್ಲಿ.

ಎಲ್ಲರೂ ಒಮ್ಮೆಗೇ ಮ್ಯಾಟಿನ ಮೇಲೆ ಬಂದರು. ಯಾರೋ ಸ್ಪ್ರೇ ಹೊಡೆದರು, ಯಾರೋ ಮುಟ್ಟಬೇಡಿ ಎಂದರು. ಅಕ್ಷಯನ ಕಾಲು ಮೊಣಕಾಲಿನಿಂದ ಕೆಳಗೆ ಬೇರೆ ಯಾರದೋ ಎಂಬಂತೆ ತಿರುಗಿಕೊಂಡಿತ್ತು. “ನೀವೆಂತ ನಿಂತದ್ದು?” ಎಂದು ನಡುವಿನ ಕವರ್ ಜಾಗದಲ್ಲಿದ್ದ ತಂಡದ ಹುಡುಗ ಯಶೋಧರನ ಎದೆಗೆ ಎದೆ ಕೊಟ್ಟು ಬಂದ. “ಎದುರಲ್ಲೇ ಇದ್ರಿ. ನಿಂತು ನೋಡಿದ್ದಾ?” ಲತೀಫಾಕ ಅಕ್ಷಯನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದವನು ತಲೆಯೆತ್ತಿ ನೋಡಿದ. ಬೆಳಗ್ಗೆಯಿಂದ ಕಾದಿದ್ದ ಕ್ಷಣ ಇದೇ ಎಂದು ಯಶೋಧರನಿಗೆ ಗೊತ್ತಾಯಿತು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಕ್ಷಣ. ಬಾಯಿ ತೆರೆದ. ಏನು ಹೇಳುವವನಿದ್ದನೋ, ಮಾತು ಬರುವ ಮೊದಲೇ ಕೆಳಗಿನಿಂದ ಅಕ್ಷಯ್ ಹಲ್ಲು ಕಚ್ಚಿಕೊಂಡು ಹೇಳಿದ.

“ಅವರಿಗೆ ಬಯ್ಬೇಡಿ. ಆ ಆಟದ ಅಭ್ಯಾಸ, ಲತೀಫಾಕ. ಅಲ್ಲಿ ಎರಡನೆಯವ ಮುಟ್ಲಿಕ್ಕಿಲ್ಲ. ಮೈಗೆ ಹಿಡಿದುಬಿಟ್ಟಿದೆ, ಅವರೆಂತ ಮಾಡುದು?”

ಒಂದು ನಿಟ್ಟುಸಿರು ಇಡೀ ಒಳಾಂಗಣ ದಾಟಿಹೋಯಿತು. ಹೌದಲ್ಲ, ಅಭ್ಯಾಸ. ಎರಡು ವರ್ಷ ಆ ಮರಳಿನಲ್ಲಿ ಹೊರಳಿದವನು. ಬೈದ ಹುಡುಗ ತಲೆ ತಗ್ಗಿಸಿ “ಸಾರಿ ಯಶಣ್ಣ” ಅಂದ. ಇದಕ್ಕೇ ನಾನು ಆ ಆಟ ಬೇಡ ಅಂದದ್ದು, ಕೈಕಾಲು ಕೆಡ್ತದೆ, ಎಂದು ಲತೀಫಾಕ ಯಾರಿಗೋ ವಿವರಿಸತೊಡಗಿದ. ಅವನ ದನಿಯಲ್ಲಿ ತನ್ನ ನಿಯಮ ಸರಿಯಾಗಿತ್ತೆಂಬ ಸಮಾಧಾನವಿತ್ತು. ಅಭ್ಯಾಸ, ಎಂದುಕೊಂಡ ಯಶೋಧರ. ನಿಜವಿರಬಹುದು. ಹಾಗಲ್ಲದೆ ಮತ್ತೇನು? ಮೈ ಎನ್ನುವುದು ನಾವು ಹೇಳಿದ್ದು ಕೇಳುತ್ತದೆಯೇ. ಆಂಬುಲೆನ್ಸಿನ ಹಿಂದೆ ಅಕ್ಷಯನ ಕಾರು ಓಡಿಸುತ್ತ, ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಿಡದೆ ಹಿಡಿದುಕೊಂಡು ಹೋದ. ಸೀಟು ಅಕ್ಷಯನ ಕಾಲಿನ ಅಳತೆಗೆ ಹಿಂದೆ ಸರಿದಿತ್ತು, ಪೆಡಲ್ ಎಟುಕುತ್ತಿರಲಿಲ್ಲ. ಸರಿಮಾಡಿಕೊಳ್ಳಲಿಕ್ಕೆ ಕೈ ಬರಲಿಲ್ಲ, ಅಂಚಿನಲ್ಲಿ ಕುಳಿತೇ ಓಡಿಸಿದ.

ಸರಕಾರಿ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಎಲ್ಲರೂ ಸೇರಿದ್ದರು. ಎಲುಬು ಎರಡು ಕಡೆ ಮುರಿದಿದೆ, ಮೊಣಕಾಲಿನ ನರವೂ ಹರಿದಿದೆ, ಬೆಳಗ್ಗೆ ಆಪರೇಷನ್, ಆಡುವುದು ಇನ್ನು ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ಒಬ್ಬರಿಂದೊಬ್ಬರು ದಾಟಿಸಿದರು. ಯಾರೋ ಯಶೋಧರನ ಕೈಗೆ ಚಹಾದ ಲೋಟ ಕೊಟ್ಟರು, ಇನ್ಯಾರೋ ಕುರ್ಚಿ ಬಿಟ್ಟುಕೊಟ್ಟರು. ಎರಡು ವರ್ಷದಲ್ಲಿ ಯಾರೂ ಅವನಿಗೆ ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ. ಪಾಪ, ಎಷ್ಟು ನೊಂದುಕೊಂಡಿದ್ದಾರೆ ನೋಡಿ ಎಂದು ಮೆಲುದನಿಯಲ್ಲಿ ಹೇಳುವುದೂ ಕೇಳಿಸಿತು. ಅಷ್ಟರಲ್ಲಿ ಗುರುಸಿದ್ದ ಬಂದ, ಇನ್ನೂ ಜೆರ್ಸಿಯಲ್ಲೇ, ಕೈಯಲ್ಲಿ ಕಿತ್ತಳೆಹಣ್ಣಿನ ಚೀಲ. ಯಾರ ಹತ್ತಿರ ಮಾತಾಡಬೇಕೆಂದು ತೋಚದೆ ನೇರ ಯಶೋಧರನ ಪಕ್ಕ ಬಂದು ಗೋಡೆಗೆ ಒರಗಿದ.

“ನನ್ನಿಂದ ಆತಲ್ರೀ ಯಣ್ಣ,” ಎಂದ. “ಆದ್ರ ನಾ ಬೇಕಂತ ಮಾಡಿಲ್ರೀ. ಅಂವಾ ಕಾಲ್ ಹಿಡ್ದ. ಈಗ ನೀವು ಬೆನ್ನಮ್ಯಾಲೆ ಬೀಳ್ತೀರಂತ ನಾ ತಯಾರಾಗಿ ಹಿಂದಕ್ಕ ಭಾರ ಕೊಟ್ಟು ನಿಂತೆ. ನೀವು ಬರ್ಲೇ ಇಲ್ಲ. ನನ್ನ ಭಾರ ಎಲ್ಲಾ ಅವನ ಕಾಲಮ್ಯಾಲೇ ಹೋತು.”

ದೂರುತ್ತಿರಲಿಲ್ಲ ಅವನು. ಬಾವಿಗೆ ಹಗ್ಗ ಹೇಗೆ ಜಾರಿತು ಎಂದು ಹೇಳುವವನ ಹಾಗೆ ಹೇಳುತ್ತಿದ್ದ. ಅಂದರೆ ಎದುರಾಳಿಯ ಬೆನ್ನೂ ಅವನಿಗಾಗಿ ಕಾದಿತ್ತು. ಇಡೀ ಒಳಾಂಗಣದಲ್ಲಿ ಅವನು ಬರುವುದಿಲ್ಲ ಎಂದು ತಿಳಿದಿದ್ದು ಯಾರಿಗೆ? ಯಶೋಧರ ಚಹಾ ಕುಡಿಯಲು ನೋಡಿದ. ಕೆನೆ ತುಟಿಗೆ ಅಂಟಿತು. “ಅಭ್ಯಾಸ,” ಎಂದ, ಗಂಟಲು ಸರಿಮಾಡಿಕೊಂಡು. “ಆ ಆಟದ್ದು ಅಭ್ಯಾಸ.” ಅದು ತನ್ನ ಬಾಯಿಂದ ಬಂದದ್ದು ಇದೇ ಮೊದಲು.

“ಹೌದ್ರೀ, ಎಲ್ಲಾರೂ ಹಂಗ ಅಂದ್ರು,” ಎಂದು ಗುರುಸಿದ್ದ ತಲೆ ಆಡಿಸಿದ.

ಆಮೇಲೆ ಅಕ್ಷಯ್ ಕರೆಯುತ್ತಿದ್ದಾನೆ ಎಂದು ಹೇಳಿ ಯಶೋಧರನೊಬ್ಬನನ್ನೇ ಒಳಗೆ ಬಿಟ್ಟರು. ಪರದೆಗಳ ನಡುವೆ ಮಂಚ. ಕಾಲನ್ನು ಎತ್ತರಕ್ಕೆ ಕಟ್ಟಿದ್ದರು. ನೋವಿನ ಇಂಜೆಕ್ಷನ್ನಿನಿಂದ ಹುಡುಗನ ಕಣ್ಣುಗಳು ದೊಡ್ಡವಾಗಿ, ಹನಿಗೂಡಿ ಕಾಣುತ್ತಿದ್ದವು. ಯಶೋಧರ ಮಂಚದ ಕಬ್ಬಿಣ ಹಿಡಿದು ನಿಂತ. ಇವತ್ತು ನೀನು ಹೇಳದೆ ಇದ್ದಿದ್ದರೆ, ಎಂದು ಶುರುಮಾಡಬೇಕೆಂದು ಹೊರಗೆ ಯೋಚಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಅಕ್ಷಯನೇ ಮಾತಾಡಿದ, ಮೇಲಿನ ಸೀಲಿಂಗು ನೋಡುತ್ತ, ಹಗುರವಾಗಿ.

“ನಾನು ಸುಲೈಬಿಯಾಕ್ಕೆ ಬರ್ತಿದ್ದೆ ಯಶಣ್ಣ. ನಿಮಗೆ ಗೊತ್ತಿಲ್ಲ.”

“ಯಾವಾಗ?”

“ಆಗಾಗ. ಆಫೀಸು ಬಿಟ್ಟು. ಲಾರಿಗಳ ಹಿಂದೆ ನಿಂತು ನೋಡಿ ಹೋಗ್ತಿದ್ದೆ. ನೀವಿಲ್ಲದೆ ಬಗಲು ಖಾಲಿ ಖಾಲಿ ಆಗ್ತಿತ್ತು, ಅದಕ್ಕೆ.” ಸ್ವಲ್ಪ ಉಸಿರು ತೆಗೆದುಕೊಂಡ. “ಅಲ್ಲಿ ಯಾರು ಹಿಡಿದ್ರೂ ನೀವು ಹೋಗಿ ಬೀಳ್ತಿದ್ರಿ. ಪ್ರತಿ ಸಲ. ಸೀಟಿ ಊದ್ತಿದ್ರು, ಆ ಸರ್ದಾರ್ಜಿ ತಲೆ ತಲೆ ಚಚ್ಚಿಕೊಳ್ತಿದ್ದ, ನೀವು ಸಾರಿ ಭಾಯಿ ಸಾರಿ ಭಾಯಿ ಅಂತ ಕೈ ಮುಗಿದು ಮತ್ತೆ ಹೋಗಿ ಬೀಳ್ತಿದ್ರಿ. ನನಗೆ ಎಷ್ಟು ಖುಷಿ ಆಗ್ತಿತ್ತು ಗೊತ್ತುಂಟಾ. ಯಶಣ್ಣನಿಗೆ ಒಬ್ಬನನ್ನೇ ಬಿಟ್ಟು ನಿಲ್ಲಲಿಕ್ಕೆ ಬರುದೇ ಇಲ್ಲ ಅಂತ ನನ್ನಷ್ಟಕ್ಕೇ ಹೇಳಿಕೊಳ್ತಿದ್ದೆ. ಅದಕ್ಕೇ, ಅಲ್ಲಿ ನೋಡಿದ್ದು ಯಾರಿಗೂ ಹೇಳದೆ, ಹೇಗೋ ಲತೀಫಾಕನನ್ನು ಒಪ್ಪಿಸಿದ್ದು. ನಿಮ್ಮನ್ನು ವಾಪಸು ಕರೀಲಿಕ್ಕೆ.”

ಇವತ್ತು ಯಾಕೆ ಬೀಳಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳಲಿ ಎಂದು ಯಶೋಧರ ಕಾದ. ಪರದೆಯಾಚೆ ಯಾರದೋ ಮಗು ಕೆಮ್ಮುತ್ತಿತ್ತು. ಆ ಸರ್ದಾರ್ಜಿ ಬಲ್ಕಾರ್ ಸಿಂಗ್ ಸೀಟಿ ಊದಿ ಊದಿ ಕೊನೆಗೆ, ನಿನ್ನ ಕೈಯನ್ನು ಹಗ್ಗದಲ್ಲಿ ಕಟ್ಟಿ ಆಡಿಸಬೇಕು ಎಂದು ನಕ್ಕದ್ದು, ಆ ಸಂಜೆಗಳ ಮರಳು ಹಲ್ಲಿಗೆ ಸಿಕ್ಕುತ್ತಿದ್ದುದು, ಎಲ್ಲವೂ ಅವನಿಗೆ ಗೊತ್ತಿದ್ದದ್ದೇ. ಮ್ಯಾಟಿನ ಮೇಲೆ ಅಕ್ಷಯನ ಬಾಯಿಂದ ಅಭ್ಯಾಸ ಎಂಬ ಮಾತು ಬಂದ ಗಳಿಗೆಯಿಂದ ಅದನ್ನೆಲ್ಲ ನೆನಪಿಸಿಕೊಳ್ಳದೆ ಇರಲು ಎಷ್ಟು ಕಷ್ಟಪಟ್ಟಿದ್ದ. ಅವನ ಮೈ ಯಾವ ಆಟಕ್ಕೂ ಹೋಗಿರಲಿಲ್ಲ, ಬಂದಿರಲಿಲ್ಲ. ಅದು ಯಾವಾಗಲೂ ಒಂದೇ ಆಟ ಆಡಿತ್ತು. ಇವತ್ತು ಆ ಒಂದು ಗಳಿಗೆ ಅದನ್ನು ಹಿಡಿದು ನಿಲ್ಲಿಸಿದ್ದು ಅವನು. ‘ಯಶೋಧರ, ನೀವೂ’ ಎಂಬ ಮಾತು ಕಿವಿಯಲ್ಲಿರುವಾಗ, ಒಬ್ಬನೇ ಹಿಡಿಯಲಿ ನೋಡುವ ಎಂದು ನಿಲ್ಲಿಸಿದ್ದು. ಹುಡುಗನ ಕಾಲು ಮುರಿಯಲಿ ಎಂದು ಬಯಸಿರಲಿಲ್ಲ, ದೇವರಾಣೆಗೂ ಇಲ್ಲ. ಪಾಯಿಂಟು ಹೋಗಲಿ, ಒಮ್ಮೆ ಸೋಲಲಿ, ಅಷ್ಟೇ. ಅಷ್ಟಕ್ಕೇ ಅವನು ಅಂಗೈ ತೆರೆದು ನಿಂತಿದ್ದ. ನಾಚಿಕೆಯಿಂದ ಅವನ ಕಿವಿ ಸುಡತೊಡಗಿತು.

“ನೀರು ಬೇಕಾ?” ಎಂದ.

“ಬೇಡ. ಹೊರಗೆ ಅಭ್ಯಾಸ ಅಂತಲೇ ಹೇಳಿ,” ಎಂದ ಅಕ್ಷಯ್. “ನಾನೂ ಹಾಗೆಯೇ ಹೇಳಿದ್ದೇನಲ್ಲ.” ಕಣ್ಣು ಮುಚ್ಚಿಕೊಂಡ. ನಿದ್ದೆ ಬಂದಿರಲಿಲ್ಲ, ರೆಪ್ಪೆಯಡಿ ಗುಡ್ಡೆ ಓಡಾಡುತ್ತಿತ್ತು.

ಹೊರಗೆ ಬಂದರೆ ಲತೀಫಾಕ ಕಾದಿದ್ದ. ಭುಜದ ಮೇಲೆ ಕೈ ಹಾಕಿ ಕಿಟಕಿಯ ಹತ್ತಿರ ಕರೆದುಕೊಂಡು ಹೋದ. ಈ ಸಲ ಅವನ ಕಣ್ಣು ಯಶೋಧರನ ಕಣ್ಣಿನಲ್ಲೇ ಇತ್ತು. “ಆದದ್ದು ಆಯ್ತು. ನೀವು ತಲೆ ಕೆಡಿಸ್ಕೊಳ್ಬೇಡಿ. ಈ ಹುಡುಗನದ್ದು ಇನ್ನು ಕಷ್ಟ. ಬರುವ ವಾರದಿಂದ ಎಡ ಕಾರ್ನರ್ ನೀವೇ. ದಿನಾ ಬಂದು ಪ್ರಾಕ್ಟೀಸ್ ಮಾಡಿದ್ರೆ ಆ ಅಭ್ಯಾಸ ಹೋಗ್ತದೆ.” ಯಶೋಧರ ಹೂಂ ಅಂದ. ಬೇರೆ ಏನಾದರೂ ಅಂದನೇ ಎಂದು ಆಮೇಲೆ ನೆನಪಿಸಿಕೊಂಡ. ಇಲ್ಲ, ಹೂಂ ಎಂದೇ ಅಂದಿದ್ದ. ಅದೂ ಕೇಳಿದ ಕೂಡಲೇ.

ನರ್ಸ್ ಬಾಗಿಲಿಗೆ ಬಂದು, ಇಷ್ಟು ಜನ ಇರುವಂತಿಲ್ಲ, ಬೆಳಗಿನವರೆಗೆ ರೋಗಿಯ ಜೊತೆ ಒಬ್ಬರು ಮಾತ್ರ, ಯಾರು ಎಂದು ಕೇಳಿದಳು. ಲತೀಫಾಕ ಒಳಗೆ ಹೋಗಿ ಬಂದ. “ಯಶೋಧರ, ನೀವೇ ಇರ್ಬೇಕಂತೆ. ಅಕ್ಷಯ್ ನಿಮ್ಮ ಹೆಸರೇ ಹೇಳಿದ.” ಎಲ್ಲರೂ ಅವನ ಕಡೆ ನೋಡಿದರು, ಪ್ರೀತಿಯಿಂದಲೇ ನೋಡಿದರು. ಅರೆತೆರೆದ ಬಾಗಿಲಿನಲ್ಲಿ ಪರದೆಯ ಅಂಚು, ಅದರ ಕೆಳಗೆ ಮಂಚದ ಚಕ್ರ ಕಾಣುತ್ತಿದ್ದವು. ಅಲ್ಲಿ ಕುಳಿತು ಬೆಳಗಿನವರೆಗೆ ಆ ಕಣ್ಣುಗಳು ತೆರೆಯುವುದನ್ನೂ ಮುಚ್ಚುವುದನ್ನೂ ನೋಡಬೇಕು. ಹುಡುಗ ಒಂದು ಕೆಟ್ಟ ಮಾತೂ ಆಡುವುದಿಲ್ಲ. ನೀರು ಕೇಳುತ್ತಾನೆ, ಎಬ್ಬಿಸಿ ಕೂರಿಸಿ ಎಂದು ಕೇಳುತ್ತಾನೆ, ಕೊರಳಿಗೆ ಕೈ ಹಾಕಿ ಭಾರ ಬಿಡುತ್ತಾನೆ.

“ಉಮಾವತಿಗೆ ಹುಷಾರಿಲ್ಲ,” ಎಂದ ಯಶೋಧರ. “ಬೆಳಗ್ಗೆಯಿಂದ ಜ್ವರ. ಮಗು ಒಬ್ಬಳೇ.”

“ಅಯ್ಯೋ, ಹೇಳ್ಬಾರದಿತ್ತಾ ಮಾರ್ರೆ. ಹೋಗಿ, ಹೋಗಿ. ಅವನ ಕಾರೇ ತಕ್ಕೊಂಡು ಹೋಗಿ.” ಲತೀಫಾಕ ಸುತ್ತ ನೋಡಿದ. ಒಬ್ಬನಿಗೆ ಬೆಳಗ್ಗೆ ಡ್ಯೂಟಿ, ಇನ್ನೊಬ್ಬನಿಗೆ ಫ್ಲೈಟು. ಗೋಡೆಗೆ ಒರಗಿದ್ದ ಗುರುಸಿದ್ದ ಕಿತ್ತಳೆಯ ಚೀಲ ಎತ್ತಿಕೊಂಡು ಮುಂದೆ ಬಂದ. “ನಾ ಇರ್ತೀನ್ರೀ,” ಎಂದ. “ನಂದೇನು ಕೆಲಸಿಲ್ಲ. ನೀವು ಮನಿ ನೋಡ್ಕೋರ್ರೀ ಯಣ್ಣ.” ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ತಲೆ ಬಗ್ಗಿಸಿ ಪರದೆ ಸರಿಸಿಕೊಂಡು ಒಳಗೆ ಹೋದ.

ಲಿಫ್ಟಿಗೆ ಕಾಯದೆ ಯಶೋಧರ ಮೆಟ್ಟಿಲಿಳಿದ. ಪಾರ್ಕಿಂಗಿನಲ್ಲಿ ಸಂಜೆಯ ಮಗ್ರಿಬ್ ಬಾಂಗು ಕೇಳಿಸುತ್ತಿತ್ತು, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಕಾರಿನೊಳಗೆ ಕುಳಿತ, ಬಾಗಿಲು ಎಳೆದುಕೊಂಡ. ಕೀಲಿ ತಿರುಗಿಸಲಿಲ್ಲ. ಈಗಲೂ ವಾಪಸು ಹೋಗಬಹುದು. ಜ್ವರ ಇಳಿದಿದೆಯಂತೆ ಎಂದರೆ ಯಾರು ಬೇಡ ಎನ್ನುತ್ತಾರೆ? ಎರಡೇ ಮಹಡಿ. ಮೈ ಏಳಲು ತಯಾರಿತ್ತು, ಕಾಲಿನ ಬೆರಳುಗಳು ನೆಲ ಒತ್ತುತ್ತಿದ್ದವು ಕೂಡ. ಅವನು ಅದನ್ನು ಹಿಡಿದು ಕೂರಿಸಿದ. ಫೋನು ಬಂತು.

“ರೀ, ಅಮಿತಾ ಫೋನ್ ಮಾಡಿದ್ರು,” ಉಮಾವತಿಯ ದನಿ ಎರಡು ವರ್ಷದಲ್ಲಿ ಇಷ್ಟು ಮೇಲೆ ಬಂದಿರಲಿಲ್ಲ. “ನಿಮ್ಮದೆಂತ ತಪ್ಪಿಲ್ಲ, ಅಭ್ಯಾಸದಿಂದ ಆದದ್ದಂತೆ, ಎಲ್ಲರಿಗೂ ಗೊತ್ತುಂಟಂತೆ. ಮುಂದಿನ ಪೂಜೆಗೆ ಅಡುಗೆ ನೀವೇ ನೋಡ್ಬೇಕು ಅಂತ ಹೇಳಿದ್ರು ನನಗೆ. ಪಾಪ, ಆ ಹುಡುಗ ಹೇಗಿದ್ದಾನೆ? ನಿಮ್ಮ ಮೇಲೆ ಕೋಪ ಉಂಟಾ ಅವನಿಗೆ?”

“ಇಲ್ಲ,” ಎಂದ.

“ಅವನನ್ನು ಒಬ್ಬನೇ ಬಿಡ್ಬೇಡಿ. ಅವನಿಗೆ ಇಲ್ಲಿ ಯಾರಿದ್ದಾರೆ ನಾವಲ್ಲದೆ? ನಾನು ಗಂಜಿ ಮಾಡಿ ಕಳಿಸ್ತೇನೆ. ನೀವು ಅವನ ಹತ್ತಿರವೇ ಇದ್ದೀರಲ್ಲ?”

ಯಶೋಧರ ಎದುರಿನ ಗಾಜಿನಲ್ಲಿ ಆಸ್ಪತ್ರೆಯ ಎರಡನೆಯ ಮಹಡಿಯ ಕಿಟಕಿಗಳನ್ನು ನೋಡಿದ. ಒಂದೊಂದಾಗಿ ದೀಪ ಹಾಕುತ್ತಿದ್ದರು.

“ಹೌದು,” ಎಂದ. “ಅವನ ಹತ್ತಿರವೇ ಇದ್ದೇನೆ.”